ವೈಟ್‌ಫೀಲ್ಡ್: ರೈಲುಹಾದಿಯ ಬದಿಯ ಒಂದು ಆಂಗ್ಲೋ-ಇಂಡಿಯನ್ ಗ್ರಾಮದ ಚರಿತ್ರೆ ಮತ್ತು ಜನಜೀವನ

ಬೆಂಗಳೂರಿನ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ವೈಟ್‌ಫೀಲ್ಡ್ ಇಂದು ಮಾಹಿತಿ ತಂತ್ರಜ್ಞಾನದ ನೆಲೆಯೆಂದು ಪ್ರಸಿದ್ಧವಾಗಿದೆ. ಗಾಜಿನ ಗೋಡೆಗಳ ಕಚೇರಿಗಳು, ಬಹುಮಹಡಿ ವಸತಿ ಸಮುಚ್ಚಯಗಳು, ವಾಹನಗಳಿಂದ ಕಿಕ್ಕಿರಿದ ರಸ್ತೆಗಳು ಇವುಗಳ ನಡುವೆ ಈ ಊರಿಗೆ ಒಂದೂಕಾಲು ಶತಮಾನಕ್ಕೂ ಮಿಗಿಲಾದ ಗ್ರಾಮಚರಿತ್ರೆಯೊಂದಿದೆ ಎಂಬುದು ಅಲ್ಲಿ ದುಡಿಯುವ ಬಹುಮಂದಿಗೆ ತಿಳಿದಿರುವುದಿಲ್ಲ. ತಿಳಿದವರೂ ಅದನ್ನು 'ಬಿಳಿಯರ ಊರು' ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಈ ಮಾತು ಎರಡು ಬಗೆಯಲ್ಲಿ ತಪ್ಪು. ವೈಟ್ ಎಂಬುದು ಬಣ್ಣದ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ಊರನ್ನು ಕಟ್ಟಿದವರಾದರೂ ಬಿಳಿಯರೆಂದು ಬಿಳಿಯರೇ ಒಪ್ಪದ, ನಮ್ಮವರೆಂದು ಇಲ್ಲಿನವರೂ ಒಪ್ಪಲು ಹಿಂಜರಿದ ಒಂದು ಸಮುದಾಯದವರು. ಅವರನ್ನು ರೈಲ್ವೆಯ ನೌಕರಿಯಿಂದ ಬಿಡಿಸಿ ನೆಲಕ್ಕೆ ಕಟ್ಟಬೇಕೆಂಬ ಉದ್ದೇಶದಿಂದ ಹುಟ್ಟಿದ ಗ್ರಾಮವು ಕಡೆಯವರೆಗೂ ರೈಲನ್ನೇ ನೆಚ್ಚಿ ಬದುಕಿತು. ಈ ವೈರುಧ್ಯವನ್ನು ಹಿಡಿದು ಆ ಗ್ರಾಮದ ಚರಿತ್ರೆಯನ್ನೂ ಜನಜೀವನವನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ನೆಲದ ಪೂರ್ವಚರಿತ್ರೆ

ವಸಾಹತುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದಾನಪತ್ರದ ದಿನದಿಂದ ಆರಂಭಿಸುತ್ತಾರೆ; ಅದಕ್ಕೆ ಮೊದಲು ಆ ನೆಲದಲ್ಲಿ ಏನೂ ಇರಲಿಲ್ಲವೆಂಬ ಭಾವನೆ ತಾನಾಗಿಯೇ ಮೂಡುತ್ತದೆ. ವೈಟ್‌ಫೀಲ್ಡ್ ವಿಷಯದಲ್ಲಿ ಇದು ಸಲ್ಲದು. ಕಾಡುಗೋಡಿ, ಪಟ್ಟಂದೂರು ಅಗ್ರಹಾರ, ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ರಾಮಗೊಂಡನಹಳ್ಳಿ, ವರ್ತೂರು ಮುಂತಾದ ಹಳೆಯ ಊರುಗಳು ಅದನ್ನು ಸುತ್ತುವರಿದಿವೆ. 11ನೆಯ ಶತಮಾನದ, ರಾಜೇಂದ್ರ ಚೋಳನ ಕಾಲದ ತಮಿಳು ಶಾಸನವೊಂದು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ದಾಖಲಿಸುತ್ತದೆ. ಕೆರೆ ಕಟ್ಟಿಸುವುದೆಂದರೆ ತೂಬು, ಕಾಲುವೆ, ಗದ್ದೆ, ನೀರಗಂಟಿ ಇವೆಲ್ಲವುಗಳ ಒಂದು ವ್ಯವಸ್ಥೆಯನ್ನೇ ನೆಲೆಗೊಳಿಸುವುದು. ಕಾಡುಗೋಡಿ ಎಂಬ ಸ್ಥಳನಾಮವನ್ನು ಕಾಡು, ಕೋಡಿ ಎಂದು ಬಿಡಿಸಲು ಸಾಧ್ಯ. ಕೋಡಿಯೆಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ. ಈ ನಿಷ್ಪತ್ತಿಯನ್ನು ಒಪ್ಪುವುದಾದರೆ ಹೆಸರಿನಲ್ಲಿಯೇ ಕೆರೆಯ ನೆನಪು ಉಳಿದಿದೆ ಎನ್ನಬೇಕಾಗುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಭಾಷೆಗಳು ಬೆರೆತ ಈ ಸೀಮೆಯಲ್ಲಿ ಕೆರೆಯ ಕೆಳಗಿನ ಭತ್ತ, ಬೆದ್ದಲಿನ ರಾಗಿ ಇವೇ ಬದುಕಿನ ಆಧಾರಗಳಾಗಿದ್ದವು. ಹೊಸ ವಸಾಹತುಗಾರರು ಬಂದಾಗ ಅವರ ಪಾಲಿಗೆ ದೊರೆತದ್ದು ಕೆರೆಯ ಕೆಳಗಿನ ತರಿ ಭೂಮಿಯಲ್ಲ, ಮಳೆಯನ್ನು ನಂಬಿದ ಎತ್ತರದ ಕೆಮ್ಮಣ್ಣಿನ ಬಯಲು ಎಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಸಮುದಾಯದ ಹಿನ್ನೆಲೆ

ಯುರೋಪಿಯನ್ ತಂದೆ ಹಾಗೂ ಭಾರತೀಯ ತಾಯಿಯರ ಸಂತತಿಯಾಗಿ ಬೆಳೆದುಬಂದ ಸಮುದಾಯವನ್ನು 19ನೆಯ ಶತಮಾನದಲ್ಲಿ 'ಯುರೇಷಿಯನ್' ಎಂದು ಕರೆಯಲಾಗುತ್ತಿತ್ತು. ಆ ಕಾಲದಲ್ಲಿ 'ಆಂಗ್ಲೋ-ಇಂಡಿಯನ್' ಎಂಬುದು ಭಾರತದಲ್ಲಿ ನೆಲೆಸಿದ್ದ ಇಂಗ್ಲಿಷರಿಗೆ ಸಲ್ಲುತ್ತಿದ್ದ ಹೆಸರು. ಮಿಶ್ರ ಸಂತತಿಯವರಿಗೆ ಅದನ್ನು ಸರ್ಕಾರ ಅಧಿಕೃತವಾಗಿ ಬಳಸತೊಡಗಿದ್ದು 1911ರಲ್ಲಿ. ತಮಿಳರು ಇವರನ್ನು 'ಚಟ್ಟೈಕ್ಕಾರರು', ಅಂದರೆ ಅಂಗಿ ತೊಟ್ಟವರು, ಎಂದು ಕರೆದರು. ಸಮುದಾಯವೊಂದನ್ನು ರಕ್ತದಿಂದಲ್ಲದೆ ಉಡುಗೆಯಿಂದ ಗುರುತಿಸಿದ ಈ ಜನಬಳಕೆಯ ಹೆಸರು ಸರ್ಕಾರಿ ಹೆಸರುಗಳಿಗಿಂತ ಹೆಚ್ಚು ಸೂಕ್ಷ್ಮವಾದುದೆಂದು ತೋರುತ್ತದೆ.

ಈಸ್ಟ್ ಇಂಡಿಯಾ ಕಂಪನಿ ಆರಂಭದಲ್ಲಿ ಇಂತಹ ವಿವಾಹಗಳನ್ನು ಪ್ರೋತ್ಸಾಹಿಸಿತ್ತು. 18ನೆಯ ಶತಮಾನದ ಕೊನೆಯ ಹೊತ್ತಿಗೆ ಅದರ ನೀತಿ ಬದಲಾಯಿತು. ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾದವರನ್ನು ಕಂಪನಿಯ ಸಿವಿಲ್, ಸೈನಿಕ ಹಾಗೂ ನೌಕಾ ಸೇವೆಗಳಿಗೆ ತೆಗೆದುಕೊಳ್ಳಕೂಡದೆಂದು 1791ರ ಆದೇಶ ವಿಧಿಸಿತು. 1795ರ ಇನ್ನೊಂದು ಆದೇಶ ಅವರಿಗೆ ಸೈನ್ಯದಲ್ಲಿ ಕೊಳಲು ಊದುವ, ನಗಾರಿ ಬಾರಿಸುವ, ಬ್ಯಾಂಡು ನುಡಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳನ್ನು ಮಾತ್ರ ಉಳಿಸಿತು. ಭೂಮಿಯಿಲ್ಲದ, ಕುಲಕಸುಬಿಲ್ಲದ, ಸೇವೆಯ ಬಾಗಿಲೂ ಮುಚ್ಚಿದ ಈ ಜನಕ್ಕೆ ಹೊಸ ದಾರಿ ತೆರೆದದ್ದು ರೈಲು ಮತ್ತು ತಂತಿ. 1857ರ ಬಂಡಾಯದ ಬಳಿಕ ಆಯಕಟ್ಟಿನ ಇಲಾಖೆಗಳಲ್ಲಿ ತಮಗೆ ನಿಷ್ಠರಾದವರು ಇರಬೇಕೆಂದು ಬ್ರಿಟಿಷರು ಬಯಸಿದರು. ಎಂಜಿನ್ ಡ್ರೈವರ್, ಫೈರ್‌ಮನ್, ಗಾರ್ಡ್, ಸ್ಟೇಷನ್ ಮಾಸ್ಟರ್, ತಂತಿ ನೌಕರ ಇವು ಯುರೇಷಿಯನ್ನರ ಕೆಲಸಗಳೆಂದೇ ಹೆಸರಾದವು. ಕುಲಕಸುಬು ಎಂಬುದು ಶತಮಾನಗಳಲ್ಲಿ ರೂಪುಗೊಳ್ಳುವಂತಹುದೆಂದು ಸಾಮಾನ್ಯ ನಂಬಿಕೆ. ಇಲ್ಲಿ ಅದು ಎರಡೇ ತಲೆಮಾರಿನಲ್ಲಿ ರೂಪುಗೊಂಡಿತು.

ಆದರೆ ಸಂಬಳದ ಕಸುಬಿಗೆ ಅದರದೇ ಆದ ಅಭದ್ರತೆಯಿತ್ತು. ಮೇಲಿನ ಹುದ್ದೆಗಳು ಇಂಗ್ಲೆಂಡಿನಿಂದ ಬಂದವರ ಪಾಲಾದರೆ, ಕೆಳಗಿನ ಗುಮಾಸ್ತಗಿರಿಗೆ ಇಂಗ್ಲಿಷ್ ಕಲಿತ ಭಾರತೀಯರು ಕಡಿಮೆ ಸಂಬಳಕ್ಕೆ ಸಿಗತೊಡಗಿದ್ದರು. ರೈಲ್ವೆಯ ಮನೆ ನೌಕರಿಯಿರುವವರೆಗೆ ಮಾತ್ರ. ನಿವೃತ್ತಿಯ ಮರುದಿನ ನಿಲ್ಲಲು ಸ್ವಂತ ನೆಲವಿಲ್ಲ. ಈ ಚಿಂತೆಯಿಂದ 1876ರಲ್ಲಿ ಕಲ್ಕತ್ತೆಯಲ್ಲಿ, 1879ರಲ್ಲಿ ಮದ್ರಾಸಿನಲ್ಲಿ ಸಮುದಾಯದ ಸಂಘಗಳು ಹುಟ್ಟಿದವು. ಮದ್ರಾಸಿನ ಸಂಘದ ಸ್ಥಾಪಕರೇ ಡೇವಿಡ್ ಎಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್. ನೆಲವಿಲ್ಲದ ಜನ ಎಲ್ಲಿಯೂ ನೆಲೆಯಿಲ್ಲದವರು, ಬೇಸಾಯಕ್ಕಿಳಿದ ಹೊರತು ಸಮುದಾಯಕ್ಕೆ ಸ್ವಾವಲಂಬನೆಯಿಲ್ಲ ಎಂಬುದು ಅವರು ಮುಂದಿಟ್ಟ ವಿಚಾರ.

1882ರ ದಾನ ಮತ್ತು ವೃತ್ತಾಕಾರದ ಗ್ರಾಮ

1881ರ ಮಾರ್ಚ್ 25ರಂದು ಮೈಸೂರು ರಾಜ್ಯವು ಬ್ರಿಟಿಷ್ ಕಮಿಷನರುಗಳ ಆಡಳಿತದಿಂದ ಒಡೆಯರಿಗೆ ಮರಳಿತು. ಅದರ ಮರುವರ್ಷ, 1882ರಲ್ಲಿ, ಚಾಮರಾಜ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಬೇಸಾಯದ ವಸಾಹತುಗಳಿಗಾಗಿ 3,900 ಎಕರೆ ಭೂಮಿಯನ್ನು ನೀಡಿದರು. ಹೀಗೆ ಆರಂಭವಾದವುಗಳಲ್ಲಿ ವೈಟ್ ಅವರ ಹೆಸರನ್ನು ಹೊತ್ತ ವೈಟ್‌ಫೀಲ್ಡ್ ಮುಖ್ಯವಾದುದು, ಸಾಸ್‌ಮಂಡ್ ಇನ್ನೊಂದು.

ಈ ದಾನವನ್ನು ಅರಸರ ಔದಾರ್ಯವೆಂದಷ್ಟೇ ನೋಡುವುದು ಸಾಲದು. 1876-78ರ ಭೀಕರ ಕ್ಷಾಮದಲ್ಲಿ ಮೈಸೂರು ರಾಜ್ಯ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತ್ತು. ಉಳುವವರಿಲ್ಲದೆ ಬಿದ್ದ ಭೂಮಿ, ಕುಗ್ಗಿದ ಕಂದಾಯ ಇವು ಹೊಸ ಸರ್ಕಾರದ ಮುಂದಿದ್ದ ಸಮಸ್ಯೆಗಳು. ಬೇಸಾಯ ಮಾಡುತ್ತೇವೆಂದು ಮುಂದೆ ಬಂದವರಿಗೆ ಭೂಮಿ ನೀಡುವುದು ಆ ಹೊತ್ತಿನ ರಾಜನೀತಿಗೆ ಒಪ್ಪುವ ಕ್ರಮವೇ ಆಗಿತ್ತು. ಇನ್ನೊಂದು ಅಂಶವೂ ಗಮನಾರ್ಹ. ಬೆಂಗಳೂರಿನ ದಂಡು ಪ್ರದೇಶ 1881ರ ಬಳಿಕವೂ ಬ್ರಿಟಿಷರ ವಶದಲ್ಲಿಯೇ ಉಳಿಯಿತು. ಯುರೇಷಿಯನ್ ಕುಟುಂಬಗಳು ಬಹುವಾಗಿ ನೆಲೆಸಿದ್ದುದು ಅಲ್ಲಿಯೇ. ಆದರೆ ಅವರಿಗೆ ಭೂಮಿ ದೊರೆತದ್ದು ಬ್ರಿಟಿಷರ ಸೀಮೆಯಲ್ಲಲ್ಲ, ಮಹಾರಾಜರ ಸೀಮೆಯಲ್ಲಿ. ಪಿತೃಪಕ್ಷದವರು ಹಿಂದೆ ಸೇವೆಯ ಬಾಗಿಲು ಮುಚ್ಚಿದ್ದವರು. ನೆಲ ಕೊಟ್ಟದ್ದು ಮಾತೃಪಕ್ಷದ ನಾಡು.

ಗ್ರಾಮದ ವಿನ್ಯಾಸ ಸುತ್ತಲಿನ ಹಳ್ಳಿಗಳಿಗಿಂತ ತೀರ ಭಿನ್ನವಾಗಿತ್ತು. ನಡುವೆ ಒಂದು ಬಯಲು, ಅದನ್ನು ಸುತ್ತಿ ವೃತ್ತಾಕಾರದ ರಸ್ತೆ, ರಸ್ತೆಗೆ ಮುಖಮಾಡಿ ವಿಶಾಲ ಹಿತ್ತಿಲುಳ್ಳ ಹೆಂಚಿನ ಮನೆಗಳು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಕನ್ನಡ ನಾಡಿನ ಹಳ್ಳಿಯಲ್ಲಿ ಕೇರಿಗಳಿರುತ್ತವೆ. ಊರಿನ ನಡುವೆ ಗುಡಿಯೋ ಚಾವಡಿಯೋ ಅರಳಿಕಟ್ಟೆಯೋ ಇರುತ್ತದೆ. ಯಾರ ಮನೆ ಎಲ್ಲಿರಬೇಕೆಂಬುದನ್ನು ಜಾತಿಯ ಕ್ರಮ ನಿರ್ಧರಿಸುತ್ತದೆ. ವೃತ್ತದಲ್ಲಿ ಮೇಲುಕೇರಿ ಕೆಳಕೇರಿಗಳಿಲ್ಲ. ಆದರೆ ವೃತ್ತಕ್ಕೆ ಒಳಗು ಹೊರಗುಗಳಿವೆ. ಹೊಲದಲ್ಲಿ, ತೋಟದಲ್ಲಿ, ಅಡುಗೆಮನೆಯಲ್ಲಿ ದುಡಿಯಲು ನೆರೆಹಳ್ಳಿಗಳಿಂದ ಬರುತ್ತಿದ್ದವರು ವೃತ್ತದ ಹೊರಗಿನವರಾಗಿಯೇ ಉಳಿದರು. ಅರಸರು ನೀಡಿದ ನಿವೇಶನದಲ್ಲಿ 1886ರಲ್ಲಿ ಮೆಮೋರಿಯಲ್ ಚರ್ಚ್ ಎದ್ದಿತು. ಕ್ಯಾಥೊಲಿಕರಿಗೆ ಲೂರ್ದು ಮಾತೆಯ ಚರ್ಚು ಬೇರೆಯಾಗಿ ಬಂದಿತು.

ರೈಲು ಮತ್ತು ಗ್ರಾಮ

ಮದ್ರಾಸ್ ರೈಲ್ವೆಯ ಜೋಲಾರಪೇಟೆ-ಬೆಂಗಳೂರು ಹಾದಿ 1864ರಲ್ಲಿಯೇ ತೆರೆದಿತ್ತು. ಅದು ಬಂದು ತಲುಪಿದ್ದು ದಂಡು ನಿಲ್ದಾಣಕ್ಕೆ. ಪೇಟೆಯ ಕಡೆಗೆ ರೈಲು ಬಂದದ್ದು ಅನಂತರ. ಬೆಂಗಳೂರು-ಮೈಸೂರು ಹಾದಿ ಪೂರ್ಣಗೊಂಡದ್ದು ವೈಟ್‌ಫೀಲ್ಡ್ ಹುಟ್ಟಿದ 1882ರಲ್ಲಿಯೇ. ಹೀಗಾಗಿ ಕಾಡುಗೋಡಿಯ ನಿಲ್ದಾಣ ಮೊದಲಿನಿಂದಲೂ ಒಂದು ಕಡೆ ಮದ್ರಾಸಿನೊಡನೆ, ಇನ್ನೊಂದು ಕಡೆ ದಂಡಿನೊಡನೆ ಬೆಸೆದುಕೊಂಡಿತ್ತು. ಹೊಸ ಗ್ರಾಮ ನಿಲ್ದಾಣದಿಂದ ಕೆಲವು ಕಿಲೋಮೀಟರ್ ದಕ್ಷಿಣಕ್ಕಿದ್ದರೂ ಕಾಲಕ್ರಮದಲ್ಲಿ ನಿಲ್ದಾಣಕ್ಕೆ ಗ್ರಾಮದ ಹೆಸರೇ ನಿಂತಿತು. ಊರು ಕಾಡುಗೋಡಿ, ನಿಲ್ದಾಣ ವೈಟ್‌ಫೀಲ್ಡ್. ರೈಲ್ವೆಯ ನಕ್ಷೆಯಲ್ಲಿ ಹಳೆಯ ಹೆಸರು ಹೊಸ ಹೆಸರಿನ ಹಿಂದೆ ಸರಿಯಿತು.

ಬೇಸಾಯದ ಪ್ರಯೋಗ ನಿರೀಕ್ಷಿಸಿದಂತೆ ಬೆಳೆಯಲಿಲ್ಲ. ಇದಕ್ಕೆ ಜನರ ಸೋಮಾರಿತನವನ್ನು ಕಾರಣವಾಗಿ ಹೇಳುವ ರೂಢಿ ಆ ಕಾಲದ ಇಂಗ್ಲಿಷ್ ಬರೆಹಗಳಲ್ಲಿದೆ, ಅದನ್ನು ಒಪ್ಪಬೇಕಾಗಿಲ್ಲ. ಮಳೆಯಾಧಾರದ ಕೆಮ್ಮಣ್ಣಿನಲ್ಲಿ ರಾಗಿ ಬೆಳೆಯುವುದಕ್ಕೆ ಬೇಕಾದ ಜ್ಞಾನ ಪುಸ್ತಕದಿಂದ ಬರುವಂತಹುದಲ್ಲ. ಯಾವ ಮಳೆಗೆ ಉಳಬೇಕು, ಯಾವಾಗ ಕುಂಟೆ ಹೊಡೆಯಬೇಕು, ಅಕ್ಕಡಿ ಸಾಲಿಗೆ ಅವರೆ ಹಾಕಬೇಕೋ ಸಾಸಿವೆ ಹಾಕಬೇಕೋ ಎಂಬುದನ್ನು ಗಾದೆಯಾಗಿ, ಮಳೆ ನಕ್ಷತ್ರಗಳ ಲೆಕ್ಕವಾಗಿ ತಲೆಯಿಂದ ತಲೆಗೆ ಉಳಿಸಿಕೊಂಡು ಬಂದದ್ದು ನೆರೆಯ ಒಕ್ಕಲು ಜನ. ಆ ಜ್ಞಾನ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇತ್ತು, ಇಂಗ್ಲಿಷಿನಲ್ಲಿ ಇರಲಿಲ್ಲ. ಭೂಮಿಯೊಡನೆ ಭೂಮಿಯ ಭಾಷೆಯನ್ನು ದಾನ ಮಾಡಲು ಅರಸರಿಂದಲೂ ಆಗುವಂತಿರಲಿಲ್ಲ. ಜೊತೆಗೆ ಪ್ರತಿ ತಿಂಗಳೂ ಬರುವ ಸಂಬಳಕ್ಕೆ ಒಗ್ಗಿದ ಕುಟುಂಬಗಳಿಗೆ ವರ್ಷಕ್ಕೊಮ್ಮೆ, ಅದೂ ಮಳೆ ಬಂದರೆ, ಕೈಗೆ ಬರುವ ಫಸಲಿನ ಲೆಕ್ಕ ಒಗ್ಗಲಿಲ್ಲ.

ಯುವಕರು ಮತ್ತೆ ರೈಲು ಹತ್ತಿದರು. ರೈಲ್ವೆ, ತಂತಿ, ಸುಂಕ ಇಲಾಖೆಗಳು, 1880ರ ದಶಕದಿಂದ ಬೆಳೆಯುತ್ತಿದ್ದ ಕೋಲಾರದ ಚಿನ್ನದ ಗಣಿಗಳು ಸಮುದಾಯದವರನ್ನು ಕರೆದುಕೊಂಡವು. ಗ್ರಾಮದಲ್ಲಿ ಉಳಿದವರು ವೃದ್ಧರು, ಹೆಂಗಸರು, ಮಕ್ಕಳು. ಅದಕ್ಕೆ ಬಂದು ಸೇರುತ್ತಿದ್ದವರು ನಿವೃತ್ತರು. ಒಕ್ಕಲುತನದ ಗ್ರಾಮವಾಗಬೇಕಿದ್ದುದು ಪಿಂಚಣಿದಾರರ ಗ್ರಾಮವಾಯಿತು. ಹೊಲಕ್ಕಿಂತ ಹಣ್ಣಿನ ಗಿಡ, ತರಕಾರಿ, ಕೋಳಿ ಸಾಕಣೆ ಅವರ ಕೈಗೆ ಒಗ್ಗಿದವು. ಪಿಂಚಣಿ, ಪತ್ರ, ರಜೆಗೆ ಬರುವ ಮಗ, ದಂಡಿನ ಮಾರುಕಟ್ಟೆ ಎಲ್ಲವೂ ನಿಲ್ದಾಣದ ಮೂಲಕವೇ. ವೈಟ್ 1889ರಲ್ಲಿ ತೀರಿಕೊಂಡರು. ತಮ್ಮ ಹೆಸರಿನ ಊರು ಯಾವ ದಿಕ್ಕಿಗೆ ಹೊರಳುತ್ತಿದೆಯೆಂಬುದನ್ನು ಪೂರ್ತಿಯಾಗಿ ನೋಡುವಷ್ಟು ಕಾಲ ಅವರಿಗೆ ದೊರೆಯಲಿಲ್ಲ.

ಅಡುಗೆಮನೆಯ ಸಾಕ್ಷ್ಯ

ಸಂವಿಧಾನದ 366(2)ನೆಯ ವಿಧಿ ಆಂಗ್ಲೋ-ಇಂಡಿಯನ್ ಎಂಬುದನ್ನು ತಂದೆಯ ಕಡೆಯ ಯುರೋಪಿಯನ್ ಮೂಲದಿಂದ ನಿರ್ವಚಿಸುತ್ತದೆ. 1935ರ ಭಾರತ ಸರ್ಕಾರ ಕಾಯಿದೆಯ ನಿರ್ವಚನವೂ ಇದೇ ಬಗೆಯದು. ಕಾನೂನಿಗೆ ತಾಯಿ ಕಾಣಿಸುವುದಿಲ್ಲ. ಜಾನಪದ ಅಧ್ಯಯನಕ್ಕೆ ಕಾಣಿಸುವವಳು ಬಹುಮಟ್ಟಿಗೆ ಅವಳೇ. ಸಮುದಾಯದ ಮನೆಮಾತು ಇಂಗ್ಲಿಷ್, ಉಡುಗೆ ಪಾಶ್ಚಾತ್ಯ, ಧರ್ಮ ಕ್ರೈಸ್ತ. ಅಡುಗೆಮನೆ ಮಾತ್ರ ದಕ್ಷಿಣ ಭಾರತದ್ದು. ಅವರ 'ಪೆಪ್ಪರ್ ವಾಟರ್' ಎಂಬುದು ನಮ್ಮ ಮೆಣಸಿನ ಸಾರು. ತಮಿಳಿನ 'ಮಿಳಗು ತಣ್ಣಿ' ಎಂಬುದರ ಪದಶಃ ಅನುವಾದ. ಭಾನುವಾರದ ಊಟಕ್ಕೆ ತೆಂಗಿನಹಾಲಿನಲ್ಲಿ ಬೆಂದ ಹಳದಿ ಅನ್ನ, ಅದಕ್ಕೆ ಜೊತೆಯಾಗಿ ಕೈಮಾದ ಉಂಡೆಗಳ ಸಾರು, ಅಂದರೆ 'ಬಾಲ್ ಕರಿ'. ಕ್ರಿಸ್‌ಮಸ್ಸಿಗೆ ಮಾಡುವ 'ಕುಲ್‌ಕುಲ್' ಮತ್ತು 'ರೋಸ್ ಕುಕ್ಕಿ'ಗಳು ಮಂಗಳೂರಿನ ಕ್ಯಾಥೊಲಿಕರ ಕುಸ್ವಾರಿನಲ್ಲಿ 'ಕಿಡಿಯೊ', 'ಕೊಕ್ಕಿಸಾಂ' ಎಂಬ ಹೆಸರಿನಿಂದ ಇವೆ. ಕೇರಳದಲ್ಲಿ ರೋಸ್ ಕುಕ್ಕಿಯೇ 'ಅಚ್ಚಪ್ಪಂ'. ಪಡುವಣ ಕರಾವಳಿಯ ಪೋರ್ಚುಗೀಸ್ ಸಂಪರ್ಕದ ಜಾಡು ಈ ತಿಂಡಿಗಳಲ್ಲಿ ಉಳಿದಿರುವಂತೆ ತೋರುತ್ತದೆ. 'ರೈಲ್ವೆ ಮಟನ್ ಕರಿ' ಎಂಬುದಂತೂ ಕಸುಬಿನ ಹೆಸರನ್ನೇ ಹೊತ್ತ ಅಡುಗೆ.

ಸಂಜೆಯ ಹೌಸಿ ಆಟ, ಕ್ರಿಸ್‌ಮಸ್ ಮತ್ತು ಹೊಸವರ್ಷದ ನೃತ್ಯಕೂಟ, ಪಿಯಾನೊ ಅಥವಾ ಗಿಟಾರಿನ ಸುತ್ತ ಸಾಮೂಹಿಕ ಹಾಡುಗಾರಿಕೆ ಇವು ಹುಬ್ಬಳ್ಳಿ, ಜೋಲಾರಪೇಟೆ, ಪೆರಂಬೂರುಗಳ ರೈಲ್ವೆ ಕಾಲೊನಿಗಳಲ್ಲಿ ಬೆಳೆದ ಪದ್ಧತಿಗಳು. ನಿವೃತ್ತರಾಗಿ ನೆಲೆಸಲು ಬಂದವರು ಇವನ್ನು ತಮ್ಮೊಡನೆ ತಂದರು. ಹೀಗೆ ಹಳ್ಳಿಯೊಂದರಲ್ಲಿ ರೈಲ್ವೆ ಕಾಲೊನಿಯ ಸಂಸ್ಕೃತಿ, ರೈಲ್ವೆಯಿಲ್ಲದೆಯೂ, ಮುಂದುವರಿಯಿತು.

ಚರ್ಚಿಲ್ ಐತಿಹ್ಯ

ವೈಟ್‌ಫೀಲ್ಡಿನ ಮೌಖಿಕ ಪರಂಪರೆಯಲ್ಲಿ ಅತ್ಯಂತ ವ್ಯಾಪಕವಾದುದು ವಿನ್‌ಸ್ಟನ್ ಚರ್ಚಿಲ್‌ನ ಕಥೆ. ವೃತ್ತದ ಬದಿಯ ವೇವರ್ಲಿ ಇನ್ ಎಂಬ ವಸತಿಗೃಹಕ್ಕೆ ಯುವ ಸೈನಿಕಾಧಿಕಾರಿ ಚರ್ಚಿಲ್ ದಂಡಿನಿಂದ ಕುದುರೆಯೇರಿ ಬರುತ್ತಿದ್ದ, ಅದರ ಒಡೆಯನ ಮಗಳಲ್ಲಿ ಅನುರಕ್ತನಾಗಿದ್ದ ಎಂಬುದು ಇದರ ತಿರುಳು. ಪತ್ರಿಕಾ ಲೇಖನಗಳು ಇದನ್ನು ಚರಿತ್ರೆಯೆಂಬಂತೆ ಮತ್ತೆ ಮತ್ತೆ ಬರೆದಿವೆ.

ದಾಖಲೆಗಳು ಹೇಳುವುದು ಕಡಿಮೆ. ಚರ್ಚಿಲ್ ನಾಲ್ಕನೆಯ ಹುಸಾರ್ಸ್ ಪಡೆಯೊಡನೆ 1896ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದುದು ನಿಜ. ಪೋಲೊ ಆಟ, ಗುಲಾಬಿ ಗಿಡಗಳು, ಚಿಟ್ಟೆಗಳ ಸಂಗ್ರಹ, ಗಿಬ್ಬನ್ ಮತ್ತು ಮೆಕಾಲೆಯವರ ಓದು ಇವುಗಳಲ್ಲಿ ಆತ ಕಾಲ ಕಳೆದುದನ್ನು ಆತನೇ ಬರೆದಿದ್ದಾನೆ. ಅದೇ ವರ್ಷದ ನವೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಪಮೇಲಾ ಪ್ಲೌಡನ್ ಎಂಬಾಕೆಯನ್ನು ಕಂಡು ಆತ ಮೋಹಗೊಂಡುದು ಪತ್ರಗಳಿಂದ ತಿಳಿಯುತ್ತದೆ. ಆಕೆ ಹೈದರಾಬಾದಿನ ರೆಸಿಡೆಂಟನ ಮಗಳು. ಬೆಂಗಳೂರಿನ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದುದೂ ಆ ಕ್ಲಬ್ಬಿನ 1899ರ ನಡಾವಳಿಯಲ್ಲಿದೆ. ವೈಟ್‌ಫೀಲ್ಡಿನ ಪ್ರೇಮಪ್ರಸಂಗಕ್ಕೆ ಇಂತಹ ಆಧಾರವಿಲ್ಲ.

ಹಾಗೆಂದು ಐತಿಹ್ಯವನ್ನು ಸುಳ್ಳೆಂದು ಬದಿಗೊತ್ತಿದರೆ ಅಧ್ಯಯನ ಅಲ್ಲಿಗೇ ನಿಲ್ಲುತ್ತದೆ. ಪಾಂಡವರು ತಂಗಿದ ಗುಹೆ, ಸೀತೆ ಮಿಂದ ಹೊಂಡ ನಮ್ಮ ಊರೂರುಗಳಲ್ಲಿವೆ. ಮಹಾಪುರುಷನೊಬ್ಬ ಇಲ್ಲಿ ಕಾಲಿಟ್ಟನೆಂದು ಹೇಳಿಕೊಂಡು ಚಿಕ್ಕ ಊರು ದೊಡ್ಡ ಚರಿತ್ರೆಗೆ ತನ್ನನ್ನು ಕಟ್ಟಿಕೊಳ್ಳುವುದು ಐತಿಹ್ಯದ ಸಾಮಾನ್ಯ ಲಕ್ಷಣ. ಇಲ್ಲಿ ಅದಕ್ಕೆ ಇನ್ನೊಂದು ಪದರವಿದೆ. ಈ ಸಮುದಾಯದ ಮೂಲದಲ್ಲಿರುವುದೇ ಒಬ್ಬ ಆಂಗ್ಲ ಸೈನಿಕ ಹಾಗೂ ಒಬ್ಬಳು ಈ ನಾಡಿನ ಹೆಣ್ಣು. ಬಹುಪಾಲು ಕುಟುಂಬಗಳಲ್ಲಿ ಆ ಆದಿದಂಪತಿಗಳ ಹೆಸರುಗಳೂ ಉಳಿದಿಲ್ಲ. ಸೈನಿಕ ಬರುತ್ತಾನೆ, ಒಲಿಯುತ್ತಾನೆ, ಹೊರಟುಹೋಗುತ್ತಾನೆ. ಚರ್ಚಿಲ್ ಕಥೆಯಲ್ಲಿ ಸಮುದಾಯ ತನ್ನ ಹುಟ್ಟಿನ ಕಥೆಯನ್ನೇ ಗೌರವದ ವೇಷದಲ್ಲಿ ಮತ್ತೆ ಹೇಳಿಕೊಳ್ಳುತ್ತಿದೆಯೆಂದು ಓದಲು ಅವಕಾಶವಿದೆ. ಬಿಟ್ಟುಹೋದವನು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಎಂಬಲ್ಲಿ ಕಥೆ ಮುಗಿಯುತ್ತದೆ. ಬಿಟ್ಟುಹೋದದ್ದರ ನೋವು ಹೇಳದೆ ಉಳಿಯುತ್ತದೆ.

ವಲಸೆ

1947ರ ನಂತರ ಸಮುದಾಯದ ಮುಂದೆ ನಿಂತ ಪ್ರಶ್ನೆ ಮತ್ತೆ ನೌಕರಿಯದೇ. ಸಂವಿಧಾನದ 336ನೆಯ ವಿಧಿ ರೈಲ್ವೆ, ಸುಂಕ, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿ ಅವರಿಗಿದ್ದ ಮೀಸಲನ್ನು ಮೊದಲ ಎರಡು ವರ್ಷ ಹಾಗೆಯೇ ಉಳಿಸಿ, ಮುಂದಿನ ಪ್ರತಿ ಎರಡು ವರ್ಷಕ್ಕೆ ನೂರಕ್ಕೆ ಹತ್ತರಂತೆ ಇಳಿಸಿ, ಹತ್ತು ವರ್ಷಕ್ಕೆ ಕೊನೆಗೊಳಿಸಿತು. 1960ರ ಆರಂಭದ ಹೊತ್ತಿಗೆ ರೈಲ್ವೆಯ ಮೀಸಲು ಮುಗಿದಿತ್ತು. ಅನೇಕರು ಇಂಗ್ಲೆಂಡಿಗೆ, ಅನಂತರ ಕೆನಡಾ ಮತ್ತು ಆಸ್ಟ್ರೇಲಿಯಗಳಿಗೆ ವಲಸೆ ಹೋದರು.

ಇದೇ ಕನಸನ್ನು ಅರ್ಧ ಶತಮಾನದ ಬಳಿಕ ಮತ್ತೆ ಕಂಡ ಮೆಕ್‌ಕ್ಲಸ್ಕಿಗಂಜನ್ನು ಇಲ್ಲಿ ನೆನೆಯಬಹುದು. ಈಗಿನ ಜಾರ್ಖಂಡಿನ ರೈಲುಹಾದಿಯೊಂದರ ಬದಿಯಲ್ಲಿ, 1933ರಲ್ಲಿ ಸ್ಥಾಪಿತವಾದ ಸೊಸೈಟಿಯೊಂದರ ಮೂಲಕ, ಸುಮಾರು 10,000 ಎಕರೆಯಲ್ಲಿ ಆಂಗ್ಲೋ-ಇಂಡಿಯನ್ನರ ಸ್ವಂತ ಊರು ಕಟ್ಟಲಾಯಿತು. ಅದೂ ಬರಿದಾಯಿತು. ಆದರೆ ಅದು ನಗರದಿಂದ ದೂರವಿದ್ದುದರಿಂದ ಪಾಳುಬಿದ್ದ ಬಂಗಲೆಗಳ ರೂಪದಲ್ಲಿಯಾದರೂ ಕಣ್ಣಿಗೆ ಕಾಣುತ್ತದೆ. ವೈಟ್‌ಫೀಲ್ಡಿಗೆ ನಗರ ಹತ್ತಿರವಿತ್ತು.

1963ರಲ್ಲಿ ಇಲ್ಲಿ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಆರಂಭವಾಯಿತು. ಅದೇ ದಶಕದಲ್ಲಿ ಕಾಡುಗೋಡಿಯ ಬೃಂದಾವನ ಆಶ್ರಮದಿಂದಾಗಿ ನಿಲ್ದಾಣಕ್ಕೆ ಹೊಸ ಬಗೆಯ ಯಾತ್ರಿಕರು ಬರತೊಡಗಿದರು. ರೈಲ್ವೆಯು ಸರಕು ಟರ್ಮಿನಲ್ಲನ್ನೂ ಒಳನಾಡ ಕಂಟೇನರ್ ಡಿಪೋವನ್ನೂ ಇಲ್ಲಿ ಸ್ಥಾಪಿಸಿತು. 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದ ಬಳಿ ಸಿಂಗಪುರದ ಸಹಯೋಗದೊಡನೆ ಮಾಹಿತಿ ತಂತ್ರಜ್ಞಾನ ಪಾರ್ಕ್ ಎದ್ದ ಮೇಲೆ ಹಿತ್ತಿಲು ಹೊಲಗಳ ಬೆಲೆ ಊಹೆಗೆ ಮೀರಿತು. ಬೇಸಾಯಕ್ಕಾಗಿ ದೊರೆತ ಭೂಮಿ ಬೇಸಾಯದಿಂದ ಎಂದೂ ತರದ ಹಣವನ್ನು ಮಾರಾಟದಿಂದ ತಂದಿತು. ವೃತ್ತದ ಹೆಂಚಿನ ಮನೆಗಳಲ್ಲಿ ಬಹುಪಾಲು ಉರುಳಿದವು. ಅತ್ತ ಕೆರೆಯಂಗಳದ ಒಕ್ಕಲು ಮನೆತನಗಳ ಹೊಲಗಳೂ ಉಳಿಯಲಿಲ್ಲ. ಒಳವೃತ್ತದವರೂ ಹೊರವೃತ್ತದವರೂ ಒಂದೇ ಕಾಲದಲ್ಲಿ ನೆಲ ಬಿಟ್ಟರು. 2007ರಲ್ಲಿ ಈ ಪ್ರದೇಶ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿತು.

2019ರ ಡಿಸೆಂಬರಿನಲ್ಲಿ ಸಂಸತ್ತಿನ ಚರ್ಚೆಯಲ್ಲಿ, 2011ರ ಜನಗಣತಿಯಂತೆ ದೇಶದಲ್ಲಿ ಆಂಗ್ಲೋ-ಇಂಡಿಯನ್ನರ ಸಂಖ್ಯೆ 296 ಎಂದು ಸರ್ಕಾರ ಹೇಳಿತು. ಸಮುದಾಯದವರು ಈ ಸಂಖ್ಯೆಯನ್ನು ತೀವ್ರವಾಗಿ ಅಲ್ಲಗಳೆದರು. 2020ರ ಜನವರಿಯಲ್ಲಿ ಸಂವಿಧಾನದ 104ನೆಯ ತಿದ್ದುಪಡಿ ಜಾರಿಗೆ ಬಂದು, ಲೋಕಸಭೆಯಲ್ಲಿಯೂ ಕರ್ನಾಟಕವೂ ಸೇರಿದಂತೆ ರಾಜ್ಯ ವಿಧಾನಸಭೆಗಳಲ್ಲಿಯೂ ಇದ್ದ ಅವರ ನಾಮಕರಣದ ಸ್ಥಾನಗಳು ಕೊನೆಗೊಂಡವು.

2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ಇಲ್ಲಿಯವರೆಗಿನ ಮೆಟ್ರೊ ರೈಲು ಮಾರ್ಗದ ಉದ್ಘಾಟನೆಯಾಯಿತು. ಮೈಸೂರು ರಾಜ್ಯ ಒಡೆಯರಿಗೆ ಮರಳಿದ ದಿನಾಂಕವೂ ಅದೇ ಎಂಬುದು ಕೇವಲ ಕಾಕತಾಳೀಯ. ಹಳೆಯ ರೈಲ್ವೆ ನಿಲ್ದಾಣದ ಸಮೀಪದಲ್ಲಿಯೇ ಇರುವ ಕೊನೆಯ ಮೆಟ್ರೊ ನಿಲ್ದಾಣದ ಫಲಕದಲ್ಲಿ ವೈಟ್‌ಫೀಲ್ಡ್ ಎಂಬ ಹೆಸರಿನ ಪಕ್ಕ, ಆವರಣದೊಳಗೆ, ಕಾಡುಗೋಡಿ ಎಂದು ಬರೆದಿದೆ.